ಹದಿನಾಲ್ಕು ಗಿಡಗಳ ಹಾಜರಿ

ಆ ಭಾನುವಾರ ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬಂದದ್ದು ಬೆಳಿಗ್ಗೆ ಏಳು ನಲವತ್ತಕ್ಕೆ. ಅಡುಗೆಮನೆಯ ಗಡಿಯಾರ ಐದು ನಿಮಿಷ ಮುಂದಿರುತ್ತದೆ. ಅದನ್ನು ಕಳೆದೇ ಹೇಳುತ್ತಿದ್ದೇನೆ. ದಿನ ಬಿಟ್ಟು ದಿನ ಆರಕ್ಕೆ ಬರುವ ನೀರು ಅದು. ತಡವಾದ ಆ ಒಂದು ಗಂಟೆ ನಲವತ್ತು ನಿಮಿಷ ಈಗಲೂ ನನ್ನನ್ನು ಬಿಟ್ಟಿಲ್ಲ.

ಭದ್ರಾವತಿ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಟಾರು ಸ್ವಲ್ಪ ದೂರ ಬರುತ್ತದೆ, ಆಮೇಲೆ ಜಲ್ಲಿ, ಆಮೇಲೆ ಕೆಮ್ಮಣ್ಣು, ಆಮೇಲೆ ಗುಡ್ಡ. ಅಲ್ಲಿ ನಮ್ಮ ಬಡಾವಣೆ. ಶಿವಮೊಗ್ಗದ ಆಟೋದವರು ಹೆಸರು ಕೇಳಿದ ಕೂಡಲೇ, "ಗುಡ್ಡದ ಬುಡಕ್ಕಾ? ವಾಪಸ್ ಗಿರಾಕಿ ಸಿಗಲ್ಲಮ್ಮ" ಎಂದು ಮುಖ ತಿರುಗಿಸುತ್ತಾರೆ. ನವಿಲುಗಳು ಕಾಂಪೌಂಡಿನ ಮೇಲೆ ಬಂದು ಕೂರುತ್ತವೆ. ಬಂದ ನೆಂಟರು ಫೋಟೋ ತೆಗೆಯುತ್ತಾರೆ. ಸಂಡಿಗೆ ಒಣಗಲು ಹಾಕಿದ ನಾವು ಕೋಲು ಹುಡುಕುತ್ತೇವೆ. ಗುಡ್ಡ ಇರುವುದು ನಮ್ಮ ಪಶ್ಚಿಮಕ್ಕೆ. ಹಾಗಾಗಿ ಬೆಳಗಿನ ಬಿಸಿಲು ನೇರವಾಗಿ ಅದರ ಎದೆಗೇ ಬೀಳುತ್ತದೆ, ಸಂಜೆ ಐದಕ್ಕೆಲ್ಲ ನಮ್ಮ ಅಂಗಳ ನೆರಳಾಗುತ್ತದೆ. ಬಟ್ಟೆ ಒಗೆಯುವವರು ಇದನ್ನು ಮೊದಲ ವಾರದಲ್ಲೇ ಕಲಿಯುತ್ತಾರೆ. ಗಾಳಿಯ ವಿಷಯ ಕಲಿಯಲು ನನಗೆ ಹೆಚ್ಚು ಕಾಲ ಬೇಕಾಯಿತು.

ಕಲಿಸಿದವರು ಪಕ್ಕದ ಮನೆಯ ಚಾಚಾ. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು, ನ್ಯೂ ಟೌನಿನ ಕ್ವಾರ್ಟರ್ಸ್ ಖಾಲಿ ಮಾಡಿ, ಚಾಚಿಯ ಜೊತೆ ಇಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡು ಬಂದವರು. ಎರಡೂ ಮನೆಗಳ ಹಿಂದೆ ಒಂದು ಖಾಲಿ ಸೈಟು ಇದೆ, ಅದರಾಚೆ ಮಣ್ಣಿನ ದಾರಿ, ದಾರಿಯಾಚೆ ಗುಡ್ಡದ ಇಳಿಜಾರು. ಸೈಟಿನ ಮಾಲೀಕರನ್ನು ನಾವ್ಯಾರೂ ನೋಡಿಲ್ಲ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆಯುವ ಕಳೆ ಬೇಸಿಗೆಗೆ ಒಣಗಿ ಹಾವುಗಳ ಮನೆಯಾಗುತ್ತದೆ. ಅದಕ್ಕೇ ಯುಗಾದಿಗೆ ಮುಂಚೆ ಒಂದು ದಿನ ಅದನ್ನು ಸುಡುವುದು ನಮ್ಮ ಸಾಲಿನ ರೂಢಿ. ಚಾಚಾ ನಿಲ್ಲದೆ ಯಾರೂ ಕಡ್ಡಿ ಗೀರುವುದಿಲ್ಲ.

ಅವರ ಕ್ರಮ ಹೀಗೆ. ಸೂರ್ಯ ಹುಟ್ಟುವ ಹೊತ್ತಿಗೆ ಗುಡ್ಡದಿಂದ ಗಾಳಿ ಕೆಳಗಿಳಿಯುತ್ತಿರುತ್ತದೆ. ಆಗ ಮನೆಗಳ ಕಡೆಯಿಂದ ಹಚ್ಚಬೇಕು. ಬೆಂಕಿ ಗಾಳಿಗೆದುರಾಗಿ ಗುಡ್ಡದ ಕಡೆಗೆ ನಿಧಾನವಾಗಿ ತೆವಳುತ್ತ ಹೋಗಿ ಮಣ್ಣಿನ ದಾರಿಯಲ್ಲಿ ಸಾಯುತ್ತದೆ. ಹೊಗೆಯೆಲ್ಲ ನಮ್ಮ ಮನೆಗಳಿಗೆ ನುಗ್ಗುತ್ತದೆ.

"ಹೊಗೆ ನಿನ್ನ ಕಣ್ಣಿಗೆ ಬಂದ್ರೆ ಎಲ್ಲಾ ಸರಿ ಇದೆ ಅಂತ ತಿಳ್ಕೊ, ಬೇಟಿ" ಎನ್ನುತ್ತಿದ್ದರು ಚಾಚಾ. "ಬಿಸಿಲು ಬಿದ್ದು ಒಂದು ಗಂಟೆ ಆದ್ರೆ ಗುಡ್ಡ ಗಾಳಿನ ಮೇಲಕ್ಕೆ ಎಳ್ಕೊಳ್ಳೋಕೆ ಶುರು ಮಾಡುತ್ತೆ. ಬೆಂಕಿನ ಗಾಳಿಗೆದುರು ನಡೆಸ್ಬೇಕು. ಬೆನ್ನಿಗೆ ಗಾಳಿ ಕೊಟ್ಟೆ ಅಂದ್ರೆ ಅದು ಯಾರ ಮಾತೂ ಕೇಳಲ್ಲ."

ಆ ಇಳಿಜಾರಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಹದಿನಾಲ್ಕು ಗಿಡ ನೆಟ್ಟಿದ್ದರು. ಐದು ನೆಲ್ಲಿ, ಆರು ಹೊಂಗೆ, ಮೂರು ಬೇವು. ನಮ್ಮ ಹಿತ್ತಲಿನಿಂದ ಎಣಿಸಬಹುದಿತ್ತು. ಎಣ್ಣೆಯ ಹಳೆಯ ಡಬ್ಬಗಳಲ್ಲಿ ನೀರು ಹೊತ್ತು ಹತ್ತುತ್ತಿದ್ದರು. ಚಾಚಿಗೆ ಆಗ ಮಾತು ಚೆನ್ನಾಗಿತ್ತು. "ನೋಡಮ್ಮಾ, ಜೀವಮಾನವೆಲ್ಲಾ ಕಬ್ಬಿಣ ಕರಗಿಸಿದ ಕೈ, ಒಂದು ಗಿಡ ನೆಟ್ಟಗೆ ನೆಡೋಕೆ ಬರಲ್ಲ ಇವರಿಗೆ. ಎಲ್ಲಾ ಸೊಟ್ಟ!" ಎಂದು ಅರ್ಧ ಗುಡ್ಡದಿಂದಲೇ ಕೂಗಿ ಹೇಳುತ್ತಿದ್ದರು. ಚಾಚಾ ತಿರುಗಿ, "ಗುಡ್ಡಾನೇ ಸೊಟ್ಟ ಇದೆ ಮಾರಾಯ್ತಿ, ನಂದೇನು ತಪ್ಪು?" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಚಾಚಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲಿ, ಚಾಚಾಗೆ ಮಾತ್ರ ಪೂರ್ತಿ ಅರ್ಥವಾಗುವಂತಾಯಿತು, ನನಗೆ ಅರ್ಧ. ಚಾಚಾ ಮಂಚವನ್ನು ಪಶ್ಚಿಮದ ಕಿಟಕಿಯ ಪಕ್ಕಕ್ಕೆ ಹಾಕಿದರು. ಅಂದಿನಿಂದ ಒಂದು ಕೆಲಸ ತಪ್ಪದೆ ನಡೆಯಿತು. ಬೆಳಿಗ್ಗೆ ಚಹಾ ಕುಡಿಸಿ, "ಹಾಜರಿ ತಗೊಂಡು ಬರ್ತೀನಿ" ಎಂದು ಅವರು ಗುಡ್ಡ ಹತ್ತುವುದು. ಒಂದೊಂದು ಗಿಡದ ಪಕ್ಕ ನಿಂತು ಅದರ ಮೇಲೆ ಕೈಯಿಟ್ಟು ಕಿಟಕಿಯ ಕಡೆ ನೋಡುವುದು. ಇಲ್ಲಿ ಚಾಚಿ ಎಡಗೈ ಎತ್ತುವುದು. ಎತ್ತಿದ ಮೇಲೆ ಮುಂದಿನ ಗಿಡ. ಹೀಗೆ ಹದಿನಾಲ್ಕು ಸಲ. ಡಾಕ್ಟರು ಹೇಳಿದ ವ್ಯಾಯಾಮಕ್ಕೆ ಕೈ ಎತ್ತೆಂದರೆ ಎತ್ತದ ಚಾಚಿ ಗಿಡಗಳಿಗೆ ಎತ್ತುತ್ತಿದ್ದರು. ಅವರಿಗೆ ದಿನ ಎನ್ನುವುದು ಉಳಿದದ್ದು ಇಷ್ಟರಲ್ಲೇ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲಾರೆ.

ಆ ಭಾನುವಾರ ಹನ್ನೊಂದಕ್ಕೆ ನನ್ನ ಮಗಳನ್ನು ನೋಡಲು ಹುಡುಗನ ಕಡೆಯವರು ಬರುವವರಿದ್ದರು. ಹೆಣ್ಣು ನೋಡಲು ಬಂದ ಹೆಂಗಸರು ಹಾಲ್ ನೋಡುವುದಿಲ್ಲ, ಕೈ ತೊಳೆಯುವ ನೆಪದಲ್ಲಿ ಹಿತ್ತಲು ನೋಡುತ್ತಾರೆ. ನಮ್ಮ ಹಿತ್ತಲ ಬಾಗಿಲು ತೆರೆದರೆ ಎದುರಿಗೆ ಆ ಸೈಟು, ಒಣ ಕಳೆ, ಅದರಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ಕು. ಭಾನುವಾರ ಮುಂಜಾನೆ ಸುಡೋಣ ಎಂದು ಚಾಚಾ ಒಪ್ಪಿದ್ದರು. ಶನಿವಾರ ಸಂಜೆ ನ್ಯೂ ಟೌನಿನಿಂದ ಫೋನು ಬಂತು. ಜೊತೆಯಲ್ಲಿ ಕೆಲಸ ಮಾಡಿದವರೊಬ್ಬರು ತೀರಿಕೊಂಡಿದ್ದರು. ಚಾಚಾ ಮನೆಯ ಬೀಗದ ಕೈ ನನ್ನ ಕೈಗೆ ಕೊಟ್ಟು, "ನಾಳೆ ನಸುಕಿಗೇ ಹೊರಡ್ತೀನಿ. ಒಂಬತ್ತಕ್ಕೆ ಗಂಜಿ ಕುಡಿಸು. ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ. ಸೈಟು ನಾಳಿದ್ದು ಹಚ್ಚೋಣ" ಎಂದರು.

"ನಾಳೆ ಅವರೆಲ್ಲ ಬರ್ತಾರಲ್ಲ ಚಾಚಾ."

"ಅವರು ಹುಡುಗಿ ನೋಡೋಕೆ ಬರ್ತಿರೋದಾ, ಕಳೆ ನೋಡೋಕಾ? ಬಿಡು ಅತ್ಲಾಗೆ."

ನಾನು ನಕ್ಕೆ. ಆಗಲಿ ಎಂದೆ. ಆಗಲಿ ಎಂದದ್ದು ನಾನೇ.

ಭಾನುವಾರ ಐದಕ್ಕೆ ಎಚ್ಚರವಾದಾಗ ಹಚ್ಚಿಬಿಡೋಣ ಅನ್ನಿಸಿತು. ಚಾಚಾ ಮಾಡುವುದನ್ನು ನಾಲ್ಕು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದೆ. ಆದರೆ ನೀರಿಲ್ಲದೆ ಹಚ್ಚಬಾರದು, ಡ್ರಮ್ಮಿನ ತಳದಲ್ಲಿ ಎರಡು ಕೊಡವೂ ಇರಲಿಲ್ಲ. ನೀರು ಬರಲಿ ಎಂದು ಕಾದೆ. ಯಜಮಾನರು ಸಿಹಿ ಮತ್ತು ಹೂವು ತರಲು ಗಾಂಧಿ ಬಜಾರಿಗೆ ಹೋದರು. ಮಗಳು ತಲೆಗೆ ನೀರು ಹಾಕಿಕೊಳ್ಳಬೇಕೆಂದು ಗೊಣಗುತ್ತ ಕೂತಿದ್ದಳು. ಏಳು ನಲವತ್ತಕ್ಕೆ ನೀರು ಬಂತು. ನಾಲ್ಕು ಕೊಡ, ಎರಡು ಬಕೆಟ್ ತುಂಬಿ ಸೈಟಿನ ಅಂಚಿಗೆ ಸಾಲಾಗಿ ಇಟ್ಟೆ. ಗೋಣಿಚೀಲ ನೆನೆಸಿದೆ. ಹೊಡೆದು ಆರಿಸಲು ಹೊಂಗೆಯ ಹಸಿ ಕೊಂಬೆ ಮುರಿದು ತಂದೆ. ಎಲ್ಲವನ್ನೂ ಕ್ರಮವಾಗಿ ಮಾಡಿದೆ. ಕಡ್ಡಿ ಗೀರಿದಾಗ ಎಂಟೂ ಹತ್ತು. ಗುಡ್ಡದ ಮೇಲೆ ಬಿಸಿಲು ಬಿದ್ದು ಒಂದು ಗಂಟೆಯ ಮೇಲಾಗಿತ್ತು. ನಾನು ಗಡಿಯಾರ ನೋಡುತ್ತಿದ್ದೆ, ಆದರೆ ಹನ್ನೊಂದಕ್ಕೆ ಎಷ್ಟು ಉಳಿಯಿತೆಂದು ನೋಡುತ್ತಿದ್ದೆ.

ಮೊದಲ ಹೊಗೆ ಎದ್ದಿತು. ನಮ್ಮ ಮನೆಯ ಕಡೆಗೆ ಬರಲಿಲ್ಲ. ಗುಡ್ಡದ ಕಡೆಗೆ ಬಾಗಿತು. ಇದನ್ನು ಬರೆಯಲು ಕಷ್ಟವಾಗುತ್ತದೆ: ನನಗೆ ಸಂತೋಷವಾಯಿತು. ಹೊಗೆ ಒಳಗೆ ಬರುತ್ತಿಲ್ಲ, ಒಗೆದ ಪರದೆಗಳಿಗೆ ವಾಸನೆ ಹಿಡಿಯುವುದಿಲ್ಲ ಎಂದುಕೊಂಡೆ. ಅಷ್ಟು ಹೊತ್ತಿಗೆ ಬೆಂಕಿ ತೆವಳುವುದನ್ನು ಬಿಟ್ಟು ಎದ್ದು ನಿಂತಿತ್ತು. ನಾನು ಕೊಡ ಎತ್ತುವಷ್ಟರಲ್ಲಿ ಅದು ಸೈಟಿನ ಅರ್ಧ ದಾಟಿತ್ತು. ಎರಡನೆಯ ಕೊಡ ಎತ್ತುವಾಗ ಉರಿಯುವ ಪ್ಲಾಸ್ಟಿಕ್ಕಿನ ಚೂರುಗಳು ಮಣ್ಣಿನ ದಾರಿಯ ಮೇಲೆ ಹಾರಿ ಆಚೆಯ ಒಣ ಹುಲ್ಲಿಗೆ ಬೀಳುವುದನ್ನು ಕಂಡೆ. ಆಮೇಲೆ ಒಂದು ಸದ್ದು, ದಪ್ಪ ಬಟ್ಟೆ ಹರಿದ ಹಾಗೆ. ನೀರು ತುಂಬಿದ ಉಳಿದ ಕೊಡಗಳು ಸಾಲಾಗಿ ಅಲ್ಲೇ ಇದ್ದವು.

ನಾನು ಓಡಿದ್ದು ಗುಡ್ಡಕ್ಕಲ್ಲ, ಚಾಚಿಯ ಮನೆಗೆ. ಬೀಗ ತೆಗೆದು ಒಳಗೆ ಹೋದಾಗ ಅವರು ದಿಂಬಿಗೊರಗಿ ಎಂದಿನಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಆ ಕಿಟಕಿಯಿಂದ ಸೈಟು ಪೂರ್ತಿ ಕಾಣುತ್ತದೆ. ನಾನು ಕೊಡ ಇಟ್ಟದ್ದು, ಕಡ್ಡಿ ಗೀರಿದ್ದು, ಹೊಗೆ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು, ಎಲ್ಲ ಕಾಣುತ್ತದೆ. ಕಿಟಕಿ ಮುಚ್ಚಲು ಹೋದೆ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಬಿಡಲಿಲ್ಲ. ಇಬ್ಬರೂ ನೋಡಿದೆವು. ನೆಲ್ಲಿಯ ಎಲೆ ಬೇಗ ಹೋಯಿತು. ಹೊಂಗೆ ಸ್ವಲ್ಪ ಹೊತ್ತು ಹಸಿರಾಗಿಯೇ ನಿಂತು, ಒಮ್ಮೆಲೇ ಕಂದು ಬಣ್ಣಕ್ಕೆ ತಿರುಗಿತು. ಚಾಚಿ ಅಳಲಿಲ್ಲ. ಪ್ರತಿ ಗಿಡಕ್ಕೂ ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಹದಿನಾಲ್ಕನೆಯದರ ನಂತರ ಬಿಟ್ಟರು.

ಬೀದಿಯವರು ಕೊಂಬೆ ಹಿಡಿದು ಹತ್ತಿ ಹೊಡೆದು ಆರಿಸಿದರು. ಅರಣ್ಯದ ಗಾರ್ಡ್ ಬಂದು ಯಾರು ಹಚ್ಚಿದ್ದೆಂದು ಕೇಳಿದ. ಮೂಲೆಮನೆಯವರು, "ಮೇಕೆ ಕಾಯೋರು ಬೀಡಿ ಎಸೆದಿರ್ತಾರೆ ಸಾರ್, ಇನ್ಯಾರು?" ಎಂದರು. ನಾನು ಅಲ್ಲೇ ಇದ್ದೆ. ಕೈಯಲ್ಲಿ ಗೋಣಿಚೀಲ ಇತ್ತು. ಅಂದಿನಿಂದ ಮೇಕೆಯವರು ನಮ್ಮ ಬೀದಿಯಲ್ಲಿ ಬರುತ್ತಿಲ್ಲ. ಯಾರೋ ಗದರಿಸಿ ಕಳಿಸಿದರಂತೆ.

ಹನ್ನೊಂದಕ್ಕೆ ಅವರು ಬಂದರು. ಕೇಸರಿಬಾತ್ ಕೊಟ್ಟೆ. ಅಂಗಳದ ರಂಗೋಲಿಯ ಮೇಲೆ ಬೂದಿ ಉದುರುತ್ತಿತ್ತು. ಹುಡುಗನ ತಾಯಿ ಕೈ ತೊಳೆಯಲು ಹಿತ್ತಲಿಗೆ ಹೋಗಿ ಬಂದು, "ಗುಡ್ಡಕ್ಕೆ ಬೆಂಕಿ ಬಿದ್ದಿದೆಯಲ್ಲ, ಪಾಪ" ಎಂದರು. ಆಮೇಲೆ, "ಹಿಂದ್ಗಡೆ ಎಲ್ಲಾ ಕ್ಲೀನಾಗಿ ಇಟ್ಕೊಂಡಿದ್ದೀರಿ" ಎಂದರು.

ಚಾಚಾ ಹನ್ನೆರಡೂವರೆಗೆ ಬಂದರು. ರಸ್ತೆಯ ತಿರುವಿನಿಂದಲೇ ಗುಡ್ಡ ಕಾಣುತ್ತದೆ, ಅಲ್ಲಿಂದ ಮನೆಗೆ ಹತ್ತು ನಿಮಿಷದ ನಡಿಗೆ. ಆ ಹತ್ತು ನಿಮಿಷ ಅವರು ಹೇಗೆ ನಡೆದರೋ. ನನ್ನನ್ನು ಕೇಳಿದ್ದು ಒಂದೇ ಮಾತು.

"ಕಿಟಕಿ ಹಾಕಿದ್ಯಾ?"

"ಹಾಕೋಕೆ ಬಿಡ್ಲಿಲ್ಲ ಚಾಚಾ."

ಮಾರನೆಯ ಬೆಳಿಗ್ಗೆ ನಾನು ಗಂಜಿ ಒಯ್ದಾಗ ಅವರು ಚಹಾ ಕುಡಿಸಿ, "ಹಾಜರಿ ತಗೊಂಡು ಬರ್ತೀನಿ" ಎಂದು ಹೊರಟರು. ನಾನು ಮಂಚದ ಪಕ್ಕ ನಿಂತೆ. ಅವರು ಕಪ್ಪು ಇಳಿಜಾರು ಹತ್ತಿ ಮೊದಲ ನೆಲ್ಲಿ ಇದ್ದಲ್ಲಿ ನಿಂತರು. ಮೊಣಕಾಲೆತ್ತರದ ಒಂದು ಕಡ್ಡಿ ಉಳಿದಿತ್ತು. ಬಾಗಿ ಅದರ ಮೇಲೆ ಕೈಯಿಟ್ಟು ಕಿಟಕಿಯ ಕಡೆ ನೋಡಿದರು. ಚಾಚಿಯ ಕೈ ಹೊದಿಕೆಯ ಮೇಲೆ ಇದ್ದಲ್ಲೇ ಇತ್ತು. ಅವರು ಕಾದರು. ನನಗೆ ಆ ಕೈಯನ್ನು ನಾನೇ ಹಿಡಿದು ಎತ್ತಬೇಕೆನಿಸಿತು. ಎತ್ತುವ ಯೋಗ್ಯತೆ ನನಗಿರಲಿಲ್ಲ. ಬಹಳ ಹೊತ್ತಾದ ಮೇಲೆ ಚಾಚಾ ಎರಡನೆಯ ಗಿಡಕ್ಕೆ ಹೋಗದೆ ಇಳಿದು ಬಂದರು. ಅಂಗೈ ಕಪ್ಪಾಗಿತ್ತು. ಅದನ್ನು ತೊಳೆದುಕೊಳ್ಳದೆಯೇ ಸ್ವಲ್ಪ ಹೊತ್ತು ಕೂತರು.

ಅಂದು ಸಂಜೆ ಅವರು ಮಂಚ ತಿರುಗಿಸಿದರು. ಆ ಕೋಣೆಗೆ ಇನ್ನೊಂದೇ ಕಿಟಕಿ ಇರುವುದು, ನಮ್ಮ ಅಡುಗೆಮನೆಯ ಕಡೆಗೆ. ನಡುವೆ ಆರಡಿ ಜಾಗ. ಬೆಳಿಗ್ಗೆ ನಾನು ಪಾತ್ರೆ ತೊಳೆಯಲು ಸಿಂಕಿನ ಮುಂದೆ ನಿಂತರೆ ಎದುರಿಗೆ ಚಾಚಿಯ ಮುಖ. ಕಣ್ಣು ನನ್ನ ಮೇಲೆ. ನಾನು ಕಿಟಕಿಗೆ ಪರದೆ ಹಾಕಿದೆ. ಮಗಳು, "ಅಡುಗೆಮನೆಗ್ಯಾಕಮ್ಮ ಪರದೆ? ಕತ್ತಲಾಗುತ್ತೆ" ಎಂದಳು. ಬಿಸಿಲು ಬೀಳುತ್ತದೆ ಎಂದೆ. ಉತ್ತರದ ಕಿಟಕಿ ಅದು; ಬಿಸಿಲು ಬೀಳುವುದಿಲ್ಲ.

ಹನ್ನೊಂದನೆಯ ದಿನ ಹುಡುಗನ ಕಡೆಯಿಂದ ಒಪ್ಪಿಗೆ ಎಂದು ಫೋನು ಬಂತು. ಯಜಮಾನರು ಪೇಡೆ ತಂದು, ಮೊದಲು ಚಾಚಾನ ಮನೆಗೆ ಕೊಟ್ಟು ಬಾ ಎಂದರು. ಡಬ್ಬಿ ಹಿಡಿದು ಹೋದೆ. ಚಾಚಾ ಪೇಡೆ ಮುರಿದು ಚಾಚಿಯ ಬಾಯಿಗಿಟ್ಟು, "ನಮ್ಮ ಹುಡುಗಿಗೆ ಮದುವೆ ಗೊತ್ತಾಯ್ತಂತೆ ಕಣೇ" ಎಂದರು. ಅಲ್ಲೇ, ಹೊಸಿಲ ಬಳಿ ನಿಂತೇ ನಾನು ಹೇಳಿದೆ. ಬೀಡಿ ಅಲ್ಲ, ನಾನು ಎಂದೆ. ಎಂಟೂ ಹತ್ತಕ್ಕೆ ಎಂದೆ.

ಚಾಚಾ ಡಬ್ಬಿಯ ಮುಚ್ಚಳ ಹಾಕಿದರು. ನಿಧಾನವಾಗಿ ಹಾಕಿದರು.

"ಗೊತ್ತು ಬೇಟಿ. ಅವಳು ಅವತ್ತೇ ಹೇಳಿದ್ಲು."

"ಏನಂದ್ರು?"

"ನೀರು ಬರ್ಲಿ ಅಂತ ಕಾದ್ಲು, ಕೊಡ ಎಲ್ಲಾ ತುಂಬಿಸ್ಕೊಂಡೇ ಹಚ್ಚಿದ್ಲು ಅಂದ್ಲು." ಡಬ್ಬಿಯನ್ನು ಕೆಳಗಿಟ್ಟು, "ನಾಳಿದ್ದು ಅಂದಿದ್ದೆ ನಾನು. ಒಂದೇ ದಿನ" ಎಂದರು. ಬೈಗುಳದ ದನಿಯಲ್ಲ. ಬೈದಿದ್ದರೆ ನಾನು ಇಷ್ಟು ದಿನ ಇದನ್ನು ಹೊತ್ತುಕೊಂಡು ಇರುತ್ತಿರಲಿಲ್ಲ.

ಮಂಚ ತಿರುಗಿಸಿದ್ದು ನನಗಾಗಿಯೇ ಎಂದು ಕೇಳಿದೆ. ಮಾಡಿದ್ದನ್ನು ಮರೆಯದಂತೆ ನಾನು ದಿನಾ ಆ ಮುಖ ನೋಡುತ್ತಿರಲಿ ಎಂದಾ?

ಚಾಚಾಗೆ ನನ್ನ ಪ್ರಶ್ನೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದಾಗ ತಲೆ ಅಲ್ಲಾಡಿಸಿದರು. "ಅವಳೇ ಕೇಳಿದ್ದು. ಆ ಕಡೆ ಇನ್ನೇನೂ ಇಲ್ಲ, ಈ ಕಡೆ ಒಬ್ಬರಾದ್ರೂ ಓಡಾಡೋದು ಕಾಣುತ್ತೆ ಅಂದ್ಲು. ಈಗ ನೀನು ಪರದೆ ಹಾಕಿದ್ದೀಯ."

ಮಾರನೆಯ ದಿನವೇ ಅರಣ್ಯದ ಗಾರ್ಡನ್ನು ಹುಡುಕಿಕೊಂಡು ಹೋಗಿ ಹೇಳಿದೆ. ಅವನು ಬರೆದುಕೊಂಡ. ಮೂಲೆಮನೆಯವರಿಗೂ ಹೇಳಿದೆ. ಅವರು ಈಗ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಮೇಕೆಯವರು ಮಾತ್ರ ಇನ್ನೂ ಈ ಬೀದಿಗೆ ಬಂದಿಲ್ಲ.

ಪರದೆ ತೆಗೆದಿದ್ದೇನೆ. ಬೆಳಿಗ್ಗೆ ಆರೂವರೆಗೆ ಸಿಂಕಿನ ಮುಂದೆ ನಿಲ್ಲುತ್ತೇನೆ. ಪಾತ್ರೆ ಇಲ್ಲದಿದ್ದರೂ ನಿಲ್ಲುತ್ತೇನೆ. ಚಾಚಿ ನೋಡುತ್ತಾರೆ. ಚಾಚಾ ಚಹಾ ಕುಡಿಸಿ ಲೋಟ ತೊಳೆದಿಟ್ಟು, ಎಲ್ಲಿಗೂ ಹೋಗದೆ ಮಂಚದ ಅಂಚಿನಲ್ಲಿ ಕೂರುತ್ತಾರೆ. ಆ ಹೊತ್ತಿಗೆ ಗುಡ್ಡದಿಂದ ಗಾಳಿ ಇಳಿದು ಎರಡು ಮನೆಗಳ ನಡುವೆ ಹಾಯುತ್ತದೆ. ಅದರಲ್ಲಿ ಇನ್ನೂ ಸುಟ್ಟ ವಾಸನೆ ಇದೆ. ನಾನು ಕೈ ಎತ್ತುತ್ತೇನೆ. ಚಾಚಿಯ ಎಡಗೈ ಹೊದಿಕೆಯ ಮೇಲೇ ಇರುತ್ತದೆ. ಕೈ ನೋಯುವವರೆಗೆ ಎತ್ತಿಯೇ ಇರುತ್ತೇನೆ, ಆಮೇಲೆ ಇಳಿಸಿ ಒಲೆ ಹಚ್ಚುತ್ತೇನೆ.