ಕಂಬಳಿಯ ನಾಲ್ಕನೇ ತುದಿ

ಪುಸ್ತಕದತ್ತೆಯ ಹೆಬ್ಬೆರಳ ಉಗುರಿನಡಿ ಯಾವಾಗಲೂ ಒಣಗಿದ ಗಂಜಿಯಂಟು ಇರುತ್ತಿತ್ತು. ಹರಿದ ಪುಸ್ತಕಗಳ ಬೆನ್ನಿಗೆ ಬಟ್ಟೆ ಅಂಟಿಸಿ ಅಂಟಿಸಿ ಆದದ್ದು. ಬಲಗೈ ಎಂದು ನನ್ನ ನೆನಪು. ಅವರು ಎಡಚರು ಎಂದು ಅಕ್ಕ ಹೇಳುತ್ತಾಳೆ. ಅವಳ ಮಾತೇ ಸರಿಯಿರಬಹುದು. ಇಲ್ಲಿನ ಇನ್ನೂ ಕೆಲವು ವಿವರಗಳು ತಪ್ಪಿರಬಹುದು. ಸಿಟ್ಟಿನಲ್ಲಿ ನೆನೆಯುವಾಗ ನೆನಪು ನಮ್ಮ ಪಕ್ಷವನ್ನೇ ವಹಿಸುತ್ತದೆ. ಕಂಬಳಿಯ ಸಂಗತಿ ಮಾತ್ರ ತಪ್ಪಿಲ್ಲ.

ಅವರು ಅಪ್ಪನ ದೊಡ್ಡಪ್ಪನ ಮಗಳು. ತಮಿಳುನಾಡಿನ ಕಂಬಂನಲ್ಲಿ, ದ್ರಾಕ್ಷಿ ಮಂಡಿಯ ಎದುರು, ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕ ಎರವಲು ಕೊಡುತ್ತಿದ್ದರು. ಬಹುಪಾಲು ತಮಿಳು ಪತ್ತೇದಾರಿ ಕಾದಂಬರಿಗಳು. ಮೇಲಿನ ಹಲಗೆಯಲ್ಲಿ ಮಾತ್ರ, ಮಲೆಯ ಮೇಲಿನ ಏಲಕ್ಕಿ ಎಸ್ಟೇಟಿನ ಬಂಗಲೆ ಖಾಲಿ ಮಾಡಿದಾಗ ಬಂದ ಇಂಗ್ಲಿಷ್ ಪುಸ್ತಕಗಳು. ಪುಸ್ತಕ ಹಿಂದಿರುಗಿಸಲು ಹೋದರೆ ಬಾಗಿಲಲ್ಲೇ ಒಂದು ಪ್ರಶ್ನೆ.

"ಕೊಂದೋನ್ ಯಾರಂತ ನಂಗೂ ಗೊತ್ತು ಪಾಪಾ. ಗೊತ್ತಿದ್ದೂ ಸುಮ್ಕೆ ಕುಂತಿದ್ದೋರು ಯಾರ್ ಯಾರು, ಅದ ಹೇಳು."

ಹೇಳದಿದ್ದರೆ ಮುಂದಿನ ಪುಸ್ತಕವಿಲ್ಲ.

ನಾನು ಹನ್ನೊಂದನೇ ತರಗತಿಯಲ್ಲಿದ್ದಾಗ ರಟ್ಟು ಹರಿದ ಒಂದು ಐರಿಷ್ ಕಾದಂಬರಿ ಕೊಟ್ಟರು. ಅದರ ಹೆಸರು ನನಗೆ ಈಗಲೂ ತಿಳಿಯದು. ಮಂತ್ರಿಯ ಮನೆಯ ಔತಣದ ಮರುದಿನ ಅವನ ಕಾರ್ಯದರ್ಶಿ ಕುದುರೆಲಾಯದಲ್ಲಿ ಸತ್ತು ಬಿದ್ದಿರುತ್ತಾನೆ. ಔತಣಕ್ಕೆ ಬಂದಿದ್ದ ನ್ಯಾಯಾಧೀಶ, ಪತ್ರಿಕೆಯ ಒಡೆಯ, ಪಾದ್ರಿ, ಎಲ್ಲರಿಗೂ ವಿಷಯ ಗೊತ್ತು. ಇನ್‌ಸ್ಪೆಕ್ಟರ್ ಎಲ್ಲವನ್ನೂ ಪತ್ತೆ ಮಾಡುತ್ತಾನೆ. ಮೇಲಿನವರು ಕಡತ ಮುಚ್ಚುತ್ತಾರೆ. ನಾನು ರೇಗಿ, ಪುಸ್ತಕವನ್ನು ಅವರ ಮೇಜಿನ ಮೇಲೆ ಎಸೆದೆ.

"ಇದೆಂಥ ಕತೆ ಅತ್ತೆ? ಒಬ್ರಿಗೂ ಶಿಕ್ಷೆ ಇಲ್ಲ."

"ಬಾರಮ್ಮ ಜಡ್ಜಮ್ಮ. ಅದು ಅವರೂರು. ನಮ್ಮಾಗೆ ಆಗಿದ್ರೆ ಬಿಡ್ತಾ ಇದ್ವಾ? ನಮಗೆ ಕಂಬಳಿ ಐತಲ್ಲ."

ತಲೆಮಾರುಗಳ ಹಿಂದೆ ಇಲ್ಲಿಗೆ ಬಂದು ನೆಲೆಸಿದ ಕನ್ನಡದ ಕುಲ ನಮ್ಮದು; ನಮ್ಮವರಲ್ಲಿ ಹಿರಿಯರು ನ್ಯಾಯಕ್ಕೆ ಕೂರುವುದು ಕರಿ ಕಂಬಳಿ ಹಾಸಿ. ಅದರ ಮುಂದೆ ನಿಂತು ಯಾರೂ ಸುಳ್ಳು ಹೇಳುವುದಿಲ್ಲ. ಅತ್ತೆ ಗುಡಿಗೆ ಹೋದದ್ದನ್ನು ನಾನು ನೋಡಿಲ್ಲ. ಕಂಬಳಿಯನ್ನು ನಂಬಿದ್ದರು.

ಅದಾಗಿ ಎರಡು ವರ್ಷಕ್ಕೆ, ಚುನಾವಣೆಗೆ ಮುಂಚೆ, ನಮ್ಮವರೇ ಆದ ಒಬ್ಬ ಮುಖಂಡರ ಗುಮಾಸ್ತ ತೋಟದ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ. ಕಾಲು ಜಾರಿತು ಎಂದರು. ಹಿಂದಿನ ಮಧ್ಯಾಹ್ನ ಅವನು ಅತ್ತೆಯ ಹತ್ತಿರ ಪುಸ್ತಕ ಬದಲಿಸಿಕೊಂಡು ಬೀದಿಗಿಳಿದಾಗ, ಮುಖಂಡರ ಅಳಿಯ ಮತ್ತು ಇನ್ನೊಬ್ಬ ಅವನ ರಟ್ಟೆ ಹಿಡಿದು ಕಾರಿಗೆ ನೂಕಿದ್ದನ್ನು ಅತ್ತೆ ಕಿಟಕಿಯಿಂದ ನೋಡಿದ್ದರು. ಅವನ ಒಂದು ಚಪ್ಪಲಿ ಅವರ ಮೆಟ್ಟಿಲ ಬಳಿಯೇ ಉಳಿದಿತ್ತು.

ಸ್ಟೇಷನ್ನಿಗೆ ಹೊರಟ ಅವರನ್ನು ಹಿರಿಯರು ತಡೆದರು. "ಮೊದಲು ಕಂಬಳಿ ಮುಂದೆ ಹೇಳವ್ವ. ಆಮ್ಯಾಕೆ ಎಲ್ಲಾರೂ ಸೇರೇ ಹೋಗಾಣ."

ಅತ್ತೆ ಹೋದರು. ಊರಾಚೆಯ ತೆಂಗಿನ ತೋಪು, ಹಾಡಹಗಲು. ಕಂಡದ್ದನ್ನು ಹೇಳಿ ಚಪ್ಪಲಿಯನ್ನು ಕಂಬಳಿಯ ಮೇಲಿಟ್ಟರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎಲ್ಲರೂ ಎದ್ದರು. ನಾಲ್ವರು ನಾಲ್ಕು ತುದಿ ಹಿಡಿದು ಕಂಬಳಿಯನ್ನು ಮಡಿಚಿದರು, ಚಪ್ಪಲಿಯ ಸಮೇತ.

ಮಡಿಚಿದ ಕಂಬಳಿಯೊಳಗಿನ ಮಾತನ್ನು ಹೊರಗೆ ಆಡಬಾರದು ಎಂಬುದು ನಮ್ಮ ಕಟ್ಟುಪಾಡು. ಗಂಡ ಹೆಂಡಿರ ಜಗಳ, ಬದುವಿನ ತಕರಾರು ಬೀದಿಗೆ ಬರದಿರಲಿ ಎಂದು ಮಾಡಿಕೊಂಡದ್ದು. ಅದನ್ನು ಒಂದು ಕೊಲೆಯ ಮೇಲೆ ಹೊದಿಸಿದರು. ಹೊದಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋದರು.

ಮೂರನೇ ದಿನ ಅತ್ತೆ ಬಸ್ಸು ಹತ್ತಿ ತೇನಿಯ ಜಿಲ್ಲಾ ಪೊಲೀಸ್ ಕಚೇರಿಗೆ ಹೋಗಿ ಹೇಳಿಕೆ ಬರೆದುಕೊಟ್ಟರು. ಚಪ್ಪಲಿ ಎಲ್ಲಿ ಎಂದು ಅಲ್ಲಿ ಕೇಳಿದರು. ಯಾವ ಚಪ್ಪಲಿ ಎಂದು ಇಲ್ಲಿ ಕೇಳಿದರು. ಕಡತ ಮುಚ್ಚಿತು. ಮುಖಂಡರು ಗೆದ್ದರು. ಕಟ್ಟುಪಾಡು ಮುರಿದ ಅತ್ತೆಯ ಮನೆಗೆ ನಮ್ಮವರ ಮದುವೆ ಕಾಗದಗಳು ಬರುವುದು ನಿಂತಿತು. ಪುಸ್ತಕಕ್ಕೂ ನಮ್ಮವರು ಯಾರೂ ಹೋಗಲಿಲ್ಲ.

ವಿಶ್ವವಿದ್ಯಾಲಯದಿಂದ ರಜೆಗೆ ಬಂದಾಗಲೆಲ್ಲ ನಾನು ಕದ್ದು ಹೋಗುತ್ತಿದ್ದೆ ಎಂದು ಬರೆದು, ಹೊಡೆದು ಹಾಕಿದ್ದೇನೆ. ಹೋದದ್ದು ಎರಡೇ ಸಲ. ಎರಡನೆಯ ಸಲ, ಕಂಬಳಿಯ ತುದಿ ಹಿಡಿದವರು ಯಾರೆಂದು ಕೇಳಿದೆ. ತಡವರಿಸದೆ ಮೂವರ ಹೆಸರು ಹೇಳಿದರು.

"ನಾಲ್ಕನೇವ್ರು?"

ಅತ್ತೆ ಬಟ್ಟೆಯ ಪಟ್ಟಿಗೆ ಗಂಜಿ ಸವರುತ್ತಿದ್ದರು. "ಗಾಳಿಗೆ ತಾನಾಗೇ ಎದ್ದಿತ್ತೇನೋ. ನೀನು ಉಂಡು ಬಂದ್ಯಾ?"

ಅಷ್ಟು ವರ್ಷ, ಗೊತ್ತಿದ್ದೂ ಸುಮ್ಮನಿದ್ದವರು ಯಾರೆಂದು ಎಲ್ಲರನ್ನೂ ಕೇಳಿದವರು, ನನಗೆ ಮಾತ್ರ ಉತ್ತರ ಹೇಳಲಿಲ್ಲ. ಯಾಕೆಂದು ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಆ ಕರುಣೆಯ ಮೇಲೂ ನನಗೆ ಸಿಟ್ಟಿದೆ.

ಹೋದ ತೈ ತಿಂಗಳಲ್ಲಿ, ಸಂಕ್ರಾಂತಿ ಆದ ಮೇಲೆ, ಅವರು ತೀರಿಕೊಂಡರು. ಹೆಗಲು ಕೊಟ್ಟವರು ಮಂಡಿಯಲ್ಲಿ ದ್ರಾಕ್ಷಿ ಪೆಟ್ಟಿಗೆ ಹೊರುವವರು. ಅಪ್ಪ ಬಂದಿದ್ದರು, ರಸ್ತೆಯ ಆಚೆ ಬದಿಯಲ್ಲಿ, ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ರಸ್ತೆ ದಾಟಲಿಲ್ಲ. ಮನೆಗೆ ಬಂದು ಮಾತ್ರ, ಸಾವಿನ ಮನೆಯೊಳಗೆ ಹೋಗಿ ಬಂದವರಂತೆ ತಲೆಗೆ ಸ್ನಾನ ಮಾಡಿದರು.

ತಲೆ ಒರೆಸಿಕೊಳ್ಳುವಾಗ ಅವರನ್ನು ಕೇಳಿದೆ. ಇವತ್ತು ಬೆಳಿಗ್ಗೆ ಕಾಫಿ ಕೊಡುವಾಗಲೂ ಕೇಳಿದೆ. ಲೋಟ ಖಾಲಿ ಮಾಡಿ ಕೆಳಗಿಟ್ಟರು, ಎದ್ದು ಹೋದರು.

"ಅಪ್ಪಾ, ನಾಲ್ಕನೇ ತುದಿ ಹಿಡಿದೋರು ಯಾರು?"