ಖಾಲಿ ಹೋಗದ ಪೆಟ್ಟಿಗೆ

ನಿನ್ನೆ ನಮ್ಮ ಮನೆಗೆ ಮಿಕ್ಸಿ ಜಾರಿನ ಮುಚ್ಚಳವೊಂದು ಬಂತು. ಅದು ಬಂದ ರಟ್ಟಿನ ಪೆಟ್ಟಿಗೆಯನ್ನು ತೆರೆದರೆ ಘಮ್ಮೆಂದು ಹಲಸಿನ ಹಪ್ಪಳದ ವಾಸನೆ. ಹೊಸ ಸಾಮಾನಿನ ಪೆಟ್ಟಿಗೆಗೆ ಗೋಂದಿನದೋ ಪ್ಲಾಸ್ಟಿಕ್ಕಿನದೋ ವಾಸನೆ ಇರುವುದು ರೂಢಿ. ಇದಕ್ಕೆಲ್ಲಿಂದ ಹಪ್ಪಳ ಎಂದು ನಿಮಗೆ ಆಶ್ಚರ್ಯವಾಗಬಹುದು. ನನಗಾಗಲಿಲ್ಲ. ತಲೆ ಒಳಗೆ ತೂರಿಸಿ ಇನ್ನೊಮ್ಮೆ ಉಸಿರೆಳೆದುಕೊಂಡೆ. "ಮುಚ್ಚಳ ಸರಿ ಉಂಟಾ ಅಂತ ನೋಡಿ ಮೊದ್ಲು" ಎಂದಳು ಹೆಂಡತಿ. ಮುಚ್ಚಳ ಸರಿಯೇ ಇತ್ತು. ನಾನು ಮಾತ್ರ ಅಷ್ಟರಲ್ಲಿ ಪುತ್ತೂರು ಬಿಟ್ಟು ಸುಳ್ಯ ಮುಟ್ಟಿಯಾಗಿತ್ತು.

ಕೆಲವು ವರ್ಷಗಳ ಹಿಂದೆ ಸುಳ್ಯದಲ್ಲಿ ಮಾಷ್ಟ್ರಾಗಿದ್ದಾಗ ನಾವು ಆಲೆಟ್ಟಿ ರಸ್ತೆಯ ದೇವಕಿ ಅಕ್ಕನ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆವು. ಅಕ್ಕ ಮನೆಯವರೊಡನೆ ಅರೆಭಾಷೆ, ಬಸ್ಸಿನಲ್ಲಿ ತುಳು, ನನ್ನೊಡನೆ ಕನ್ನಡ ಆಡುತ್ತಿದ್ದರು. ಮೂರಕ್ಕೂ ದನಿ ಒಂದೇ, ದೊಡ್ಡದು. ಆ ಮನೆಯಲ್ಲೊಂದು ಕಾನೂನಿತ್ತು. ಬೇರೆಯವರ ಪಾತ್ರೆ ಅಲ್ಲಿ ಉಳಿಯಕೂಡದು, ಖಾಲಿಯಾಗಿ ಹಿಂದೆ ಹೋಗಲೂ ಕೂಡದು. ಹೋದ ಹೊಸತರಲ್ಲಿ ನನ್ನ ಹೆಂಡತಿ ಅಕ್ಕ ಕೊಟ್ಟ ಪಾಯಸದ ತಪ್ಪಲೆಯನ್ನು ಫಳಫಳ ತೊಳೆದು ಹಿಂತಿರುಗಿಸಿದಳು. ಅಕ್ಕ ಅದರೊಳಗೆ ಇಣುಕಿ ನೋಡಿದ ರೀತಿ ಹೇಗಿತ್ತೆಂದರೆ, ಮರುದಿನ ಬೆಳಿಗ್ಗೆಯೇ ಇವಳು ಸೆರಗಿನಲ್ಲಿ ಲಿಂಬೆಹಣ್ಣು ಕಟ್ಟಿಕೊಂಡು ಮೆಟ್ಟಿಲಿಳಿದಳು.

ಆ ಕಾಲಕ್ಕೇ ನೆಲ್ಯಾಡಿಯ ಜೋಸ್ ಸುಳ್ಯದಲ್ಲಿ ಪಾತ್ರೆ ಅಂಗಡಿ ತೆರೆದ. ಅವನದು ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆತನ. ತೋಟವನ್ನು ಅಣ್ಣನಿಗೆ ಬಿಟ್ಟು ಇವನು ವ್ಯಾಪಾರಕ್ಕಿಳಿದಿದ್ದ. ಫೋನ್ ಮಾಡಿದರೆ ತಾನೇ ವ್ಯಾನಿನಲ್ಲಿ ತಂದುಕೊಡುತ್ತಿದ್ದ. ದೊಡ್ಡ ಕಂಪೆನಿಗಳ ಹಾಗೆ ಕಟ್ಟಿ ಕಳಿಸದಿದ್ದರೆ ಗಿರಾಕಿ ಲೆಕ್ಕಕ್ಕೇ ಇಡುವುದಿಲ್ಲ ಎಂಬುದು ಅವನ ನಂಬಿಕೆ. ಅಂಗಡಿಯ ಹೆಸರು ಅಚ್ಚು ಹಾಕಿಸಿ ಗಟ್ಟಿ ರಟ್ಟಿನ ಪೆಟ್ಟಿಗೆಗಳನ್ನು ಮಾಡಿಸಿದ್ದ. ಎಲ್ಲ ಒಂದೇ ಅಳತೆಯವು; ಇಡ್ಲಿ ಪಾತ್ರೆಗೂ ಅದೇ, ಚಮಚಕ್ಕೂ ಅದೇ. ನನ್ನ ನಂಬಿಕೆಯೂ ಬೇರೆಯಿರಲಿಲ್ಲ ಅನ್ನಿ. ಹೆಗಲ ಮೇಲೆ ದೊಡ್ಡ ಪೆಟ್ಟಿಗೆ ಹೊತ್ತು ಅವನು ನಮ್ಮ ಮೆಟ್ಟಿಲು ಹತ್ತುವಾಗ ಇಡೀ ರಸ್ತೆ ನೋಡಲಿ ಎಂದು ನಾನು ಬಾಗಿಲು ತೆರೆಯಲು ಸ್ವಲ್ಪ ತಡ ಮಾಡುತ್ತಿದ್ದೆ.

ಒಮ್ಮೆ ಕುಕ್ಕರಿನ ರಬ್ಬರ್ ಹೋಗಿತ್ತು. ಜೋಸ್ ತಂದಿಟ್ಟು ಹೋದ ಪೆಟ್ಟಿಗೆ ನೋಡಿ ಅಕ್ಕ ಮೇಲೆ ಬಂದರು.

"ಎಂತ ಮಾಷ್ಟ್ರೆ, ಟೀವಿ ತರಿಸಿದ್ದಾ?"

ನಾನು ಠೀವಿಯಿಂದ ಬಿಚ್ಚತೊಡಗಿದೆ. ಮೊದಲು ಗುಳ್ಳೆಗುಳ್ಳೆ ಪ್ಲಾಸ್ಟಿಕ್, ಆಮೇಲೆ ಥರ್ಮಕೋಲ್, ಅದರ ಮಧ್ಯೆ ಇನ್ನೊಂದು ಡಬ್ಬಿ, ಡಬ್ಬಿಯೊಳಗೆ ಕವರು. ಕವರಿನೊಳಗಿಂದ ರಬ್ಬರ್ ಹೊರಬರುವಷ್ಟರಲ್ಲಿ ನನ್ನ ಠೀವಿ ಇಳಿದುಹೋಗಿತ್ತು. ಅಕ್ಕ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಇದು ಬಿದ್ರೆ ಒಡೀತದಾ?"

ನಾನು ಪೆಟ್ಟಿಗೆ ಎತ್ತಿಕೊಂಡು ಬಚ್ಚಲಿನ ಒಲೆಯ ಕಡೆ ಹೊರಟೆ. ಅಕ್ಕ ಅಡ್ಡ ನಿಂತರು.

"ಜೋಸನ ಪೆಟ್ಟಿಗೆ ಜೋಸನಿಗೆ ಕೊಡುದಲ್ವಾ?"

"ಅದು ವಾಪಸು ಕೊಡುದಲ್ಲ ಅಕ್ಕ. ಅದಕ್ಕೂ ಸೇರಿಸಿಯೇ ದುಡ್ಡು ಹಿಡಿದಿರ್ತಾನೆ."

ಅಕ್ಕ ನನ್ನ ಮುಖವನ್ನೇ ನೋಡಿದರು. "ಹಾಗಾದ್ರೆ ನೀವು ತಗೊಂಡದ್ದು ರಬ್ಬರ್ ಅಲ್ಲ ಮಾರಾಯ್ರೆ, ಪೆಟ್ಟಿಗೆ. ಅದೂ ಸುಡ್ಲಿಕ್ಕೆ! ಬೇರೆಯವರ ಹೆಸರಿರುವ ಪೆಟ್ಟಿಗೆ ಸುಟ್ಟ ಮನೆ ಅಂತ ನನ್ನ ಮನೆಗೆ ಹೆಸರು ಬರುದು ಬೇಡ. ಅದನ್ನು ನಾನು ಅವನಿಗೇ ಮುಟ್ಟಿಸ್ತೇನೆ."

ನನಗೆ ಒಳಗೊಳಗೇ ನಗು. ವ್ಯಾಪಾರ ಎಂದರೇನೆಂದು ಅಕ್ಕನಿಗೆ ತಿಳಿಯದು ಎಂದುಕೊಂಡೆ. ಪಾಪ, ಮರ್ಯಾದೆ ಕಳೆದುಕೊಳ್ಳುತ್ತಾರಲ್ಲ ಎಂಬ ಕನಿಕರವೂ ಇತ್ತು.

ಜೋಸ್ ಮತ್ತೆ ಆ ರಸ್ತೆಗೆ ಬಂದಾಗ ಅಕ್ಕ ಅಂಗಳದಲ್ಲಿ ತಯಾರಾಗಿ ನಿಂತಿದ್ದರು. ಕೈಯಲ್ಲಿ ಪೆಟ್ಟಿಗೆ, ಒಳಗೆ ಅವನದೇ ಥರ್ಮಕೋಲ್, ಅದರ ಮೇಲೆ ಬಾಳೆನಾರಿನಲ್ಲಿ ಬಿಗಿದ ಹಲಸಿನ ಹಪ್ಪಳದ ಕಟ್ಟು. ನಾನು ಮಾಳಿಗೆಯ ಕಟಕಟೆಗೆ ಒರಗಿ ನೋಡುತ್ತಿದ್ದೆ.

"ಅಯ್ಯೋ ಅಕ್ಕ, ವಾಪಸು ತಗೊಳ್ಳುವ ಸಿಸ್ಟಮ್ ಇಲ್ಲ. ಹಳೇ ಪೆಟ್ಟಿಗೆಯಲ್ಲಿ ಸಾಮಾನು ಕೊಟ್ರೆ ಜನ ಎಂತ ಹೇಳ್ತಾರೆ? ಅಂಗಡಿ ಮುಳುಗಿತು ಅಂತಾರೆ."

"ಹಪ್ಪಳ ತಗೊಳ್ಳುವ ಸಿಸ್ಟಮ್ ಉಂಟಾ?"

ಜೋಸ್ ಕಟ್ಟಿನ ಕಡೆ ನೋಡಿದ. "ಅದು ಉಂಟು."

"ನಿನ್ನ ಅಮ್ಮನಿಗೆ ಕೊಡು. ನೆಲ್ಯಾಡಿಗೆ ಮುಟ್ಟುವಾಗ ವ್ಯಾನಿನಲ್ಲಿ ಕುಲುಕಿ ಪುಡಿ ಆದೀತು. ಎಂತದರಲ್ಲಿ ಇಟ್ಟು ಕೊಂಡೋಗ್ತಿ?"

ಜೋಸ್ ವ್ಯಾನನ್ನು ನೋಡಿದ, ಹಪ್ಪಳವನ್ನು ನೋಡಿದ, ಕಡೆಗೆ ಮೇಲೆ ನಿಂತಿದ್ದ ನನ್ನನ್ನೂ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಪೆಟ್ಟಿಗೆ ಎತ್ತಿಕೊಂಡು ಹೋದ.

ನೆಲ್ಯಾಡಿಯ ಅವನ ಅಮ್ಮ ಏಲಿಯಮ್ಮನ ಮನೆಯಲ್ಲೂ ಅದೇ ಕಾನೂನು ಎಂಬುದನ್ನು ಅಕ್ಕ ಹೇಗೆ ಊಹಿಸಿದ್ದರೋ! ಮುಂದಿನ ಸಲ ಅದೇ ಪೆಟ್ಟಿಗೆ ಹೂವಿನಾಕಾರದ ಗರಿಗರಿ ಅಚ್ಚಪ್ಪ ತುಂಬಿಕೊಂಡು ಬಂತು. ಮಾಳಿಗೆಗೂ ಪಾಲು ಬಂತೆನ್ನಿ. ಅಕ್ಕ ಅದರಲ್ಲಿ ಬೆಳ್ಳರಿ ಸೌತೆ ಇಟ್ಟರು, ಏಲಿಯಮ್ಮ ಮರಗೆಣಸು ಇಟ್ಟರು. ಒಬ್ಬರನ್ನೊಬ್ಬರು ಕಂಡೇ ಇರದ ಈ ಇಬ್ಬರು ಹೆಂಗಸರ ನಡುವೆ ಜೋಸ್ ಗೊಣಗುತ್ತ ಹೊರುವವನಾದ. ಅಚ್ಚಪ್ಪದ ಸುದ್ದಿ ರಸ್ತೆಯುದ್ದಕ್ಕೂ ಹರಡಿತು. ಎಸೆಯಲು ಮನಸ್ಸಿಲ್ಲದೆ, ಇಡಲು ಜಾಗವಿಲ್ಲದೆ ಅಟ್ಟಕ್ಕೆ ಹಾಕಿದ್ದ ಅವನ ಪೆಟ್ಟಿಗೆಗಳನ್ನು ಮನೆಮನೆಯವರೂ ಕೆಳಗಿಳಿಸಿದರು. ಖಾಲಿ ಕೊಡಲು ಯಾರಿಗೂ ಮುಖವಿಲ್ಲ. ನುಗ್ಗೆ, ಪುನರ್ಪುಳಿ, ಗಾಂಧಾರಿ ಮೆಣಸು, ಹಿತ್ತಿಲಲ್ಲಿ ಏನಿದೆಯೋ ಅದು ಒಳಗೆ ಬಿತ್ತು.

ಒಂದು ಸಂಜೆ ಜೋಸ್ ಅಂಗಳದಲ್ಲಿ ನಿಂತು ತಲೆ ಕೆರೆದುಕೊಂಡ. "ಹೊಸ ಪೆಟ್ಟಿಗೆ ಮಾಡಿಸುದು ನಿಲ್ಲಿಸಿದೆ ಅಕ್ಕ. ಥರ್ಮಕೋಲೂ ಬೇಡ. ಪ್ಯಾಕಿಂಗ್ ಅಂತ ಬಿಲ್ಲಿಗೆ ಸೇರಿಸ್ತಿದ್ದದ್ದೂ ತೆಗ್ದೆ."

"ಜನ ಎಂತ ಹೇಳ್ತಾರೆ?"

"ಪೆಟ್ಟಿಗೆ ಕೊಂಡೋಗ್ಲಿಕ್ಕೆ ಯಾವಾಗ ಬರ್ತಿ ಅಂತ ಕೇಳ್ತಾರೆ."

ಅಕ್ಕ ನಕ್ಕರು. ಆ ನಗು ಸುಳ್ಯದ ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು. ಕನಿಕರಪಟ್ಟಿದ್ದ ನಾನು ಮಾಳಿಗೆಯಲ್ಲಿ ನಿಂತು, ನಾನೇ ಗೆದ್ದವನ ಹಾಗೆ ಚಪ್ಪಾಳೆ ತಟ್ಟಿದೆ. ಅಷ್ಟು ಖುಷಿಯಾಗಿತ್ತು ನನಗೆ.

ಈಗ ಜೋಸನ ವ್ಯಾನು ನಾವಿರುವ ಪುತ್ತೂರಿಗೂ ಬರುತ್ತದೆ. ನಿನ್ನೆ ನಾನು ಪೆಟ್ಟಿಗೆಗೆ ಮೂಗಿಟ್ಟು ಇಷ್ಟೆಲ್ಲ ಸುತ್ತಿಬರುವಷ್ಟು ಹೊತ್ತೂ ಅವನು ಗೇಟಿನಲ್ಲಿ ಕಾಯುತ್ತಿದ್ದ. ಹೆಂಡತಿ ನನ್ನನ್ನು ನೋಡಿದಳು, ನಾನು ಅಡುಗೆಮನೆಯನ್ನು ನೋಡಿದೆ. ಅಲ್ಲಿರುವುದೆಲ್ಲ ಪ್ಯಾಕೆಟ್ಟಿನೊಳಗಿನ ಪ್ಯಾಕೆಟ್ಟು. ಅಕ್ಕನ ಹಪ್ಪಳ ಕೂತೆದ್ದ ಪೆಟ್ಟಿಗೆಯಲ್ಲಿ ಬಿಸ್ಕೆಟ್ ಇಡುವುದೇ? ತಾರಸಿಗೆ ಓಡಿದೆ. ಹಳೇ ಬಕೆಟಿನಲ್ಲಿ ನಾನೇ ನೆಟ್ಟ ಬಸಳೆ ಗೋಡೆ ಹತ್ತಿತ್ತು. ದಪ್ಪ ದಂಟು ನೋಡಿ ಕೊಯ್ದು, ಪೆಟ್ಟಿಗೆಗೆ ತುಂಬಿ, ಏದುಸಿರು ಬಿಡುತ್ತ ಕೊಟ್ಟೆ.

ಜೋಸ್ ವ್ಯಾನಿನ ಹಿಂಬಾಗಿಲು ತೆರೆದ. ಒಳಗೆ ಪೆಟ್ಟಿಗೆಗಳ ಸಾಲು, ಖಾಲಿಯಾದದ್ದು ಒಂದೂ ಇಲ್ಲ. ಯಾವುದೋ ಒಂದರಲ್ಲಿ ಕೋಳಿ ಕೊಕ್ ಎಂದಿತು.

"ನೋಡಿ ಮಾಷ್ಟ್ರೆ, ಬರುವಾಗ ಇಷ್ಟು ಭಾರ ಇರುದಿಲ್ಲ. ಹೋಗುವಾಗಲೇ ಭಾರ" ಎಂದು ದೂರು ಹೇಳಿದ. ದೂರು ಹೇಳುವವನ ಮುಖ ಅದಾಗಿರಲಿಲ್ಲ.

ವ್ಯಾನು ಹೋದ ಮೇಲೆ ಒಳಗೆ ಬಂದೆ. ಕೈಯಲ್ಲಿ ಮಿಕ್ಸಿಯ ಮುಚ್ಚಳ ಇತ್ತು. ಎಸೆಯಲಿಕ್ಕೆ ಏನೂ ಇರಲಿಲ್ಲ.