ಮೊನೆ ಮುರಿದ ಗಾಳಗಳ ಗ್ರಂಥಾಲಯ

ನಮ್ಮ ಮನೆಯವರು ಹುಟ್ಟಿದಾಗಿನಿಂದ ಮೀನು ತಿಂದವರಲ್ಲ, ಹಿಡಿದವರೂ ಅಲ್ಲ. ಸಂತೆಯಲ್ಲಿ ಮೀನಿನ ಸಾಲು ಎದುರಾದರೆ ಮೂಗು ಮುಚ್ಚಿಕೊಂಡು ಒಂದು ಫರ್ಲಾಂಗು ಸುತ್ತು ಹಾಕಿ ಹೋಗುವ ಆಸಾಮಿ. ಇಂಥವರ ಹತ್ತಿರ ಮೀನು ಹಿಡಿಯುವ ವಿದ್ಯೆಯ ಮೇಲೆ ನಲವತ್ತೊಂದು ಪುಸ್ತಕಗಳಿವೆ. ಎಲ್ಲವೂ ಇಂಗ್ಲಿಷಿನವು, ಒಂದಕ್ಕಿಂತ ಒಂದು ಹಳೆಯವು. ಇದನ್ನು ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ "ಪಾಪ" ಅನ್ನುತ್ತಾರೆ. ಯಾರಿಗೆ ಪಾಪ ಅಂತ ನಾನು ಕೇಳಲು ಹೋಗುವುದಿಲ್ಲ.

ಇವರ ಹೆಸರು ಸದಾಶಿವ. ಶಿರಸಿಯಲ್ಲಿ "ವೈಂಡಿಂಗ್ ಸದಾಶಿವ" ಅಂದರೆ ಬೇಗ ಗೊತ್ತಾಗುತ್ತದೆ. ಸುಟ್ಟುಹೋದ ಪಂಪಿನ ಮೋಟರು ಬಿಚ್ಚಿ, ಕರಕಲು ತಂತಿ ಕಿತ್ತೆಸೆದು, ಹೊಸ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತುವುದು ಇವರ ಕಸುಬು. ಒಂದು ಸುತ್ತು ಹೆಚ್ಚುಕಡಿಮೆಯಾದರೆ ಅವತ್ತು ಊಟ ಸೇರುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಜಡೆ ಹೆಣೆದುಕೊಳ್ಳುವುದನ್ನೇ ಕಣ್ಣು ಮಿಟುಕಿಸದೆ ನೋಡುತ್ತ ಕೂತಿದ್ದರು. ಅಯ್ಯೋ, ಎಂಥ ಪ್ರೀತಿ ಅಂದುಕೊಂಡು ನಾನು ನಾಚಿಕೊಂಡೆ. "ಎಡಗಡೆ ಒಂದು ಸುತ್ತು ತಪ್ಪೈತಿ ನೋಡು" ಅಂದರು ಪುಣ್ಯಾತ್ಮ!

ಹನ್ನೊಂದು ವರ್ಷದ ಹಿಂದೆ ಗ್ರೀಸು ಒರೆಸಲು ಹಳೆ ಪೇಪರು ಬೇಕು ಅಂತ ರದ್ದಿ ಅಂಗಡಿಗೆ ಹೋದವರು ಒಂದು ದಪ್ಪ ಪುಸ್ತಕ ಎದೆಗವಚಿಕೊಂಡು ಬಂದರು. ಅರ್ಧ ಬೆನ್ನಿಲ್ಲ, ಗೆದ್ದಲು ತಿಂದ ಅಂಚು. ಒಳಗೆ ಬಣ್ಣದ ಚಿತ್ರಗಳು. ಸಣ್ಣ ಕೊಕ್ಕೆಗೆ ಪುಕ್ಕ ಇಟ್ಟು, ರೇಷ್ಮೆ ದಾರ ಸುತ್ತಿ, ಮೇಲೆ ಕೂದಲೆಳೆಯಂಥ ತಂತಿ ಓಡಿಸಿ, ಥೇಟ್ ಹುಳದ ಹಾಗೆ ಮಾಡಿದ್ದರು. ಇದನ್ನು ನೀರಿನ ಮೇಲೆ ತೇಲಿಸಿದರೆ ಮೀನು ನಿಜವಾದ ಹುಳ ಅಂತ ಹಾರಿ ಕಚ್ಚುತ್ತದಂತೆ. ಫ್ಲೈ ಅನ್ನುತ್ತಾರಂತೆ ಇದಕ್ಕೆ. ಮೀನಿನ ವಿಷಯ ಇವರ ತಲೆಗೆ ಹೋಗಲೇ ಇಲ್ಲ. "ಮಹೇಶ್ವರಿ, ಸುತ್ತು ನೋಡಽ ಇಲ್ಲಿ! ಒಂದರ ಮ್ಯಾಲ ಒಂದು ಏರಿಲ್ಲ. ಇದನ್ನ ಸುತ್ತಿದಾಂವ ಖರೇ ವೈಂಡರ್" ಅಂತ ಕುಣಿದಾಡಿದರು. ಬಾಣಲೆಯಲ್ಲಿ ನನ್ನ ಒಗ್ಗರಣೆ ಹೊತ್ತಿಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ. ಡಿಕ್ಷನರಿ ಬಂತು. ಮೊಬೈಲಿನಲ್ಲಿ ಹಳೆ ಪುಸ್ತಕ ಮಾರುವವರ ಪರಿಚಯವಾಯಿತು. ಊಟಿಯ ಯಾರೋ, ಶಿಲ್ಲಾಂಗಿನ ಯಾರೋ, ಆಮೇಲೆ ಸಮುದ್ರದಾಚೆಯವರು. ಪೋಸ್ಟಿನವನು ಪೊಟ್ಟಣ ತಂದ ದಿನ ಇವರು ಸ್ನಾನ ಮಾಡಿಯೇ ಬಿಚ್ಚುವುದು. ಒಂದು ಪುಸ್ತಕ ನೂರಹತ್ತು ವರ್ಷದ್ದು, ಚಿತ್ರಕ್ಕೆಲ್ಲ ಕೈಯಿಂದ ಬಣ್ಣ ಹಾಕಿದ್ದಾರೆ. ಇನ್ನೊಂದು ಯಾರೋ ಪಾದ್ರಿ ಬರೆದದ್ದು, ಅವನು ದೇವರ ಕೆಲಸ ಯಾವಾಗ ಮಾಡುತ್ತಿದ್ದ ಅಂತ ನನಗೆ ಇವತ್ತಿಗೂ ಅನುಮಾನ. ಇವರು ಕಥೆ ಓದುವುದಿಲ್ಲ, ಹೊಳೆಯ ವರ್ಣನೆ ಬಂದರೆ ಹಾಳೆ ತಿರುಗಿಸುತ್ತಾರೆ. ಸುತ್ತುವ ಕ್ರಮ ಬಿಡಿಸಿ ಹೇಳಿದ ಪುಸ್ತಕಕ್ಕೆ ಮಾತ್ರ ಕಪಾಟಿನಲ್ಲಿ ಜಾಗ. ರಿಪೇರಿಗೆ ಬಂದ ಮೋಟರಿಗೆ ಕಟ್ಟುವ ರಟ್ಟಿನ ಚೀಟಿಯನ್ನೇ ಒಂದೊಂದು ಪುಸ್ತಕಕ್ಕೂ ಕಟ್ಟಿದ್ದಾರೆ: ನಂಬರು, ದಾರದ ದಪ್ಪ, ಎಷ್ಟು ಸುತ್ತು.

ಇಷ್ಟಾದ ಮೇಲೆ ಕೈ ಸುಮ್ಮನಿರುತ್ತದೆಯೇ? ತಾವೂ ಮಾಡತೊಡಗಿದರು. ಉದುರಿ ಬಿದ್ದ ಪುಕ್ಕ, ನನ್ನ ಹಳೆ ಸೀರೆಯ ಜರಿ, ಬೂರುಗದ ಹತ್ತಿ, ಮೋಟರಿನ ತಂತಿ. ಮೊದಲು ಇಕ್ಕಳದಿಂದ ಗಾಳದ ಮೊನೆಯನ್ನು ಟಕ್ ಅಂತ ಮುರಿದುಬಿಡುತ್ತಿದ್ದರು, ಹಿಂಸೆ ಬೇಡ ಅಂತ. ಆಮೇಲೆ ಸುತ್ತುವುದು. ನಾನೊಂದು ದಿನ ಕೇಳಿದೆ, "ಒಂದರೆ ನೀರಿಗೆ ಬಿಟ್ಟೀರೇನ್ರಿ?" ಇವರು ಗಾಬರಿಯಾದರು. "ನೀರಿಗೆ ಬಿಟ್ರ ತೊಯ್ತಾವಲ್ಲ!"

ಇಷ್ಟು ಸಡಗರವೆಲ್ಲ ಅಂಗಡಿಯಲ್ಲಿ ಮಾತ್ರ. ಮನೆಯೊಳಗೆ ಒಂದು ಪುಸ್ತಕಕ್ಕೂ ಪ್ರವೇಶವಿಲ್ಲ. ನಮ್ಮ ಅತ್ತೆ ಗಿರಿಜವ್ವ ಮೊದಲನೆಯದನ್ನು ಅವತ್ತೇ ಹೊರಗೆ ಕಳಿಸಿ, ಉಳಿದವನ್ನು ಹೊಸ್ತಿಲಲ್ಲೇ ತಡೆದಿದ್ದರು. ಬನವಾಸಿ ಕಡೆಯ ರೈತರ ಮನೆಯ ಹೆಣ್ಣುಮಗಳು, ಈಗ ಎಪ್ಪತ್ತನಾಲ್ಕು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಮಾತು ಅಂದರೆ ಮಾತು. "ಲಿಂಗಪೂಜಿ ಮಾಡೋ ಮನಿಯೊಳಗ ಕೊಲ್ಲೋ ಪುಸ್ತಕ ಬರಂಗಿಲ್ಲ."

"ಅವ್ವಾ, ನಾ ಮೊನಿ ಮುರಿದಿರ್ತೀನಿ."

"ಗಾಳದ ಮೊನಿ ಮುರದಿ. ಪುಸ್ತಕದಾಗ ಬರದಿದ್ದು ಮುರೀತೇನು?"

ಅದೇ ಕಾರಣಕ್ಕೆ ಅಂಗಡಿಗೂ ಅವರು ಹನ್ನೊಂದು ವರ್ಷ ಕಾಲಿಡಲಿಲ್ಲ. ನಾನೂ ಅತ್ತೆಯ ಪಕ್ಷವೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ಪಾತ್ರೆ ಇಡಲು ಜಾಗವಿಲ್ಲ, ಇನ್ನು ಇವರ ಗ್ರಂಥಾಲಯ!

ಆದರೆ ಅಂಗಡಿಯ ಹಿಂದಿನ ಗೋಡೆಯಲ್ಲಿ ಮಳೆನೀರು ಬಸಿಯತೊಡಗಿತು. ಹೋದ ಮಳೆಗಾಲದಲ್ಲಿ ಕಪಾಟು ತೆಗೆದರೆ ಪುಸ್ತಕಗಳಿಗೆ ಹಸಿರು ಮೀಸೆ. ಇವರು ಏನು ಮಾಡಿದರು ಗೊತ್ತೇ? ವಾರ್ನಿಷ್ ಒಣಗಲು ಮೋಟರುಗಳನ್ನು ಇಡುವ ಬಿಸಿ ಪೆಟ್ಟಿಗೆ ಇದೆಯಲ್ಲ, ಅದರೊಳಗೆ ಇಪ್ಪತ್ತಮೂರನೇ ನಂಬರಿನ ಪುಸ್ತಕ ಇಟ್ಟರು. ಬೆನ್ನಿನ ಗೋಂದು ಕರಗಿ ಹಾಳೆಗಳೆಲ್ಲ ಕೈಗೆ ಬಂದವು. ಮೋಟರಿನ ಸುರುಳಿ ಕಟ್ಟುವ ದಾರದಿಂದ ನೀಟಾಗಿ ಹೊಲಿದರು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಇಪ್ಪತ್ತೆಂಟು ವರ್ಷದ ಕೈರೂಢಿ, ಹೊಲಿದಾದ ಮೇಲೆ ಇಡೀ ಪುಸ್ತಕವನ್ನು ವಾರ್ನಿಷ್ ಡಬ್ಬಿಯಲ್ಲಿ ಅದ್ದಿ ಎತ್ತಿದರು! ಈಗ ಅದಕ್ಕೆ ನೀರು ತಾಗುವುದಿಲ್ಲ, ಹುಳ ಹಿಡಿಯುವುದಿಲ್ಲ, ಕರೆಂಟು ಕೂಡ ಹೊಡೆಯುವುದಿಲ್ಲ. ತೆರೆಯಲು ಮಾತ್ರ ಬರುವುದಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ನೋಡಿದರೆ ಇವರ ಕಣ್ಣಲ್ಲಿ ನೀರು.

"ಇನ್ನೊಂದು ಮಳಿಗಾಲ ಇಲ್ಲಿದ್ರ ಒಂದೂ ಉಳಿಯಂಗಿಲ್ಲ ಮಹೇಶ್ವರಿ" ಅಂದರು. ನಾನು ನಗು ನಿಲ್ಲಿಸಿ ಪುಸ್ತಕಗಳ ಬೂಷ್ಟು ಒರೆಸತೊಡಗಿದೆ. ಅವತ್ತೇ ನಾನು ಪಕ್ಷಾಂತರ ಮಾಡಿದೆ.

ಈ ವರ್ಷ ಮೇ ತಿಂಗಳ ಕೊನೆ. ಮಳೆಗೆ ಹೆಚ್ಚೆಂದರೆ ಹತ್ತು ದಿನ. ಸೋಂದಾದ ನಾಗಪತಿ ಹೆಗಡೆಯವರ ಮೋಟರು ರಿಪೇರಿಯಾಗಿತ್ತು, ಅವರ ಮನೆಯ ಹಿಂದಿನ ಹಳ್ಳಕ್ಕೆ ಹೋಗಿ ಕೂರಿಸಿ ಬರಬೇಕು. ನಾನು ಉಪಾಯ ಹೂಡಿದೆ. ಇವರಿಗೆ ಹೇಳಿದೆ, "ಕೋಲು, ದಾರ, ನಿಮ್ಮ ಹುಳದ ಡಬ್ಬಿ ತಗೋರಿ. ಮೀನಿಗೆ ನೋವಾಗಂಗಿಲ್ಲ ಅಂತ ಅವ್ವಗ ಕಣ್ಣಾರೆ ತೋರಸ್ರಿ." ಅತ್ತೆಗೆ ಹೇಳಿದೆ, "ಹೆಗಡೆಯವರ ಮನ್ಯಾಗ ಹಲಸಿನ ಹಪ್ಪಳ ಕೊಡ್ತಾರಂತರಿ ಅತ್ತಿ." ಹಲಸಿನ ಹಪ್ಪಳ ಅಂದರೆ ಅತ್ತೆ ಯಲ್ಲಾಪುರ ದಾಟಿ ಕಿರವತ್ತಿಯ ತನಕ ಬೇಕಾದರೂ ನಡೆದಾರು. ಓಮ್ನಿಯಲ್ಲಿ ಮೋಟರಿನ ಪಕ್ಕ ಅವರೇ ಮೊದಲು ಹತ್ತಿ ಕೂತರು.

ಹಳ್ಳದ ಗುಂಡಿಯಲ್ಲಿ ತಿಳಿನೀರು. ಮೀನುಗಳು ಎಷ್ಟು ಬೇಕಾದರೂ ಇದ್ದವು. ಯಾವ ಮೀನು ಅಂತ ಕೇಳಬೇಡಿ, ನಮಗೆ ಗೊತ್ತಿರುವುದು ಸಣ್ಣದು, ದೊಡ್ಡದು ಎರಡೇ ಜಾತಿ. ಹೆಗಡೆಯವರು "ಎಂತ ಮಾರಾಯಾ, ಮೋಟ್ರು ಬಿಟ್ಟು ಕೋಲು ಹಿಡ್ಕಂಡು ನಿಂತ್ಯಲ!" ಅಂದರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹನ್ನೊಂದು ವರ್ಷದ ವಿದ್ಯೆಯೆಲ್ಲ ಒಟ್ಟು ಮಾಡಿ, ನೂರಹತ್ತು ವರ್ಷದ ಪುಸ್ತಕ ನೋಡಿ ಸುತ್ತಿದ, ರೆಕ್ಕೆ ಎತ್ತಿ ನಿಂತ ಚಂದದ ಹುಳವನ್ನು ನೀರಿಗೆ ಬೀಸಿದರು. ಅದು ಹೋಗಿ ಹೆಗಡೆಯವರ ಟೊಪ್ಪಿಗೆಗೆ ಕೂತಿತು.

ಎರಡನೇ ಸಲ ನೀರಿಗೇ ಬಿತ್ತು. ಮೀನು ಬಂದವು, ನೋಡಿದವು, ಹೋದವು. ಹತ್ತು ಸಲ, ಇಪ್ಪತ್ತು ಸಲ. ಡಬ್ಬಿಯಲ್ಲಿದ್ದ ಹುಳಗಳೆಲ್ಲ ತೊಯ್ದು ತೊಪ್ಪೆಯಾದವು. ಇವರ ಮುಖ ಕಪ್ಪಿಟ್ಟಿತು. ಇನ್ನು ಪುಸ್ತಕದ ಮಾತು ಮುಗಿದ ಹಾಗೇ ಅಂದುಕೊಂಡೆ ನಾನು. ಅತ್ತೆ ಬಂಡೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತ ಎಲ್ಲವನ್ನೂ ನೋಡುತ್ತಿದ್ದರು. ಆಮೇಲೆ ತಡೆಯಲಾಗದೆ ಅಂದರು:

"ಲೇ ಸದಾಶಿವಾ, ಯಾವ ಹುಳಾನೋ ಅದು? ಮದುಮಗನ ಗತೆ ಎದಿ ಎತ್ತಿ ನಿಂತೈತಿ!"

"ಪುಸ್ತಕದಾಗ ಹಿಂಗ ಐತವ್ವ."

"ಪುಸ್ತಕ ಸುಡ್ಲಿ. ನಿನ್ನೆ ಸಂಜಿಮುಂದ ಮಳಿ ಹನಿ ಬಿತ್ತಿಲ್ಲೋ? ಗೆದ್ದಲಕ್ಕ ರೆಕ್ಕಿ ಬಂದು ಮಳಿಹುಳ ಎದ್ದಿರ್ತಾವು. ನಾವು ಸಣ್ಣವರಿದ್ದಾಗ ಗದ್ದಿ ನೀರಾಗ ರಾಶಿ ರಾಶಿ ಬೀಳ್ತಿದ್ವು. ಹೊಟ್ಟಿ ಕೆಳಗ, ರೆಕ್ಕಿ ಅಗಲ ಚೆಲ್ಲಿ, ಸೋತು ಬಿದ್ದಿರ್ತಾವು. ಮೀನು ಅವನ್ನ ಬಿಟ್ಟು ನಿನ್ನ ಮದುಮಗನ್ನ ಯಾಕ ತಿಂತಾವು? ತಾ ಇಲ್ಲಿ!"

ಕಸಿದುಕೊಂಡರು. ಸಂಚಿಯಿಂದ ಅಡಕತ್ತರಿ ತೆಗೆದು ಪುಕ್ಕವನ್ನು ಅರ್ಧಕ್ಕೆ ಕತ್ತರಿಸಿದರು, ಉಗುರಿನಿಂದ ಎರಡೂ ಕಡೆ ಚಪ್ಪಟೆ ಮಾಡಿದರು, ಹೊಟ್ಟೆಯ ಜರಿ ಕಿತ್ತು ಬಿಸಾಡಿದರು. ಮೂವತ್ತೆರಡು ಸುತ್ತಿನ ಜರಿ! ಇವರು ಕಣ್ಣು ಮುಚ್ಚಿಕೊಂಡರು. "ಈಗ ಒಗಿ. ಜೋರಾಗಿ ಬ್ಯಾಡ."

ಇವರು ಬೀಸಿದರು. ಹುಳ ನೀರಿಗೆ ಮುಟ್ಟಿತೋ ಇಲ್ಲವೋ, ಚಟ್ ಅಂತ ಒಂದು ಮೀನು ಮೊಳದೆತ್ತರ ಹಾರಿ ಬಾಯಿ ಹಾಕಿತು! ಮೊನೆಯಿಲ್ಲದ ಗಾಳ, ಮರುಕ್ಷಣ ಥೂ ಅಂತ ಉಗುಳಿತು.

"ಎವ್ವಾ!" ಅಂದರು ಅತ್ತೆ. "ಇನ್ನೊಮ್ಮೆ!"

ಇನ್ನೊಮ್ಮೆ ಹಾರಿತು, ಮತ್ತೊಮ್ಮೆ ಹಾರಿತು. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಮೊಳಕಾಲುದ್ದ ನೀರಿಗಿಳಿದರು. ಕೋಲು ಅವರ ಕೈಗೆ ಹೋಯಿತು, ಅವರನ್ನು ಹಿಡಿಯಲು ಹೋದ ಇವರು ಜಾರಿ ಗುಂಡಿಗೆ ಬಿದ್ದರು, ಯಾರೂ ತಿರುಗಿ ನೋಡಲಿಲ್ಲ. ಹೆಗಡೆಯವರು ಮನೆಯ ಕಡೆ ಮುಖ ಮಾಡಿ ಹೆಂಡತಿಗೆ ಕೂಗಿದರು, "ಏ, ಬಾರೇ ಇಲ್ಲಿ! ಅಜ್ಜಿ ಮೀನು ಕುಣಿಸ್ತಾ ಇದ್ದು! ಇಂಥದ್ದು ಆನು ನೋಡಿದ್ನಿಲ್ಲೆ!" ಬಾಲಕ್ಕೆ ಚುಕ್ಕೆಯಿದ್ದ ಒಂದೇ ಮೀನು ಐದು ಸಲ ಬಂದು ಮೋಸ ಹೋಯಿತು. ಅತ್ತೆ ಬಗ್ಗಿ ಬಗ್ಗಿ ಅದರ ಬಾಯಿ ನೋಡಿದರು. "ನೋವಾಗಿಲ್ಲ ತಗೋ. ನೋವಾಗಿದ್ರ ಈ ಹುಚ್ಚಪ್ಪ ಮತ್ತ ಬರ್ತಿತ್ತೇನು?" ಅಂತ ನಕ್ಕರು. ಮದುವೆಯಾಗಿ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೂ ನಗು, ಇವರಿಗೂ ನಗು, ಹಪ್ಪಳದ ತಟ್ಟೆ ಹಿಡಿದು ಬಂದ ಹೆಗಡೆಯವರ ಹೆಂಡತಿಗೆ ಯಾಕೆಂದು ಗೊತ್ತಿಲ್ಲದೆಯೇ ನಗು.

ಆದರೆ ಓಮ್ನಿ ಹತ್ತಿದ ಮೇಲೆ ಅತ್ತೆಯ ಬಾಯಲ್ಲಿ ಹಲಸಿನ ಹಪ್ಪಳದ ಮಾತಷ್ಟೇ. ಪುಸ್ತಕದ ಸುದ್ದಿಯೇ ಇಲ್ಲ. ಕೇಳಲು ಇವರಿಗೆ ಧೈರ್ಯವಿಲ್ಲ, ನನಗೂ ಇಲ್ಲ.

ಮರುದಿನ ಬೆಳಿಗ್ಗೆ ನಾನು ಇವರಿಗೆ ಟಿಫಿನ್ ಕೊಡಲು ಅಂಗಡಿಗೆ ಹೋಗಿದ್ದೆ. ಬಾಗಿಲಿಗೆ ಆಟೋ ಬಂದು ನಿಂತಿತು. ಇಳಿದವರು ಅತ್ತೆ! ಒಳಗೆ ಬಂದು ಸೀದಾ ಕಪಾಟಿನ ಮುಂದೆ ನಿಂತರು. ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡಿದ್ದರು.

"ನಿನ್ನಿ ಮಳಿಹುಳ ಯಾವುದ್ರಾಗ ಐತಿ, ತೋರಸು."

ಇವರು ಒಂದನೇ ನಂಬರಿನಿಂದ ಶುರು ಮಾಡಿದರು. ಒಂದೊಂದೇ ಚಿತ್ರ ನೋಡಿ ಅತ್ತೆ ತಲೆ ಅಲ್ಲಾಡಿಸಿದರು. ಇದಲ್ಲ. ಇದೂ ಅಲ್ಲ. ಇದಕ್ಕ ಸೊಂಟಾನೇ ಇಲ್ಲ. ನಲವತ್ತೊಂದನೇ ನಂಬರಿಗೆ ಬಂದು ಮುಗಿಯಿತು.

"ಇಪ್ಪತ್ಮೂರು ಬಿಟ್ರಿ" ಅಂದೆ ನಾನು.

"ಅದು ತೆಗಿಯಾಕ ಬರಂಗಿಲ್ಲಲ್ಲ" ಅಂದರು ಇವರು, ತಲೆ ತಗ್ಗಿಸಿ.

ಅತ್ತೆ ಗರಕ್ಕನೆ ನಮ್ಮ ಕಡೆ ತಿರುಗಿದರು. "ಹಂಗಾರ ಇಷ್ಟು ಶಾಣ್ಯಾರಾಗ ಒಬ್ಬರಿಗೂ ಮಳಿಹುಳ ಗೊತ್ತಿಲ್ಲ?"

"ಅವರ ಊರಾಗ ಇದ್ದಿರಲಿಕ್ಕಿಲ್ಲವ್ವ."

"ನಮ್ಮ ಊರಾಗ ಐತಲ್ಲ. ಬರಿ ನೀನು. ನಾ ಹೇಳ್ತೀನಿ."

ಮೋಟರಿನ ಲೆಕ್ಕ ಬರೆಯಲು ತಂದಿಟ್ಟಿದ್ದ ಹೊಸ ರಟ್ಟಿನ ನೋಟುಬುಕ್ಕು ತೆಗೆದರು ಇವರು. ಅತ್ತೆ ಸ್ಟೂಲಿನ ಮೇಲೆ ಕೂತು ಹೇಳಿದರು. ಮಳೆಹುಳ ಯಾವಾಗ ಏಳುತ್ತದೆ, ಹೇಗೆ ಬೀಳುತ್ತದೆ, ಮೊದಲು ಯಾವ ರೆಕ್ಕೆ ಉದುರುತ್ತದೆ. ಆಮೇಲೆ ಗದ್ದೆಯ ಮಿಡತೆ, ಅದರ ಕಾಲು ನೀರಲ್ಲಿ ಹೇಗೆ ಒದೆಯುತ್ತದೆ ಅಂತ ಕೂತಲ್ಲೇ ಕಾಲು ಝಾಡಿಸಿ ತೋರಿಸಿದರು. ಇವರು ಬರೆದೇ ಬರೆದರು. ಆರು ಪುಟವಾಯಿತು. ಕೊನೆಗೆ ಮೇಲಿನ ರಟ್ಟಿನ ಮೇಲೆ ನಲವತ್ತೆರಡು ಅಂತ ನಂಬರು ಹಾಕಿ, ಕೆಳಗೆ ದಪ್ಪಗೆ ಬರೆದರು: ಗಿರಿಜವ್ವ.

"ಇದೇನದು?"

"ನಿನ್ನ ಹೆಸರವ್ವ. ಬರದವರ ಹೆಸರು ಮ್ಯಾಲ ಇರ್ತೈತಿ."

ಅತ್ತೆಯ ಕೈ ಬೆನ್ನ ಹಿಂದಿನಿಂದ ಮುಂದೆ ಬಂತು. ಒಂದು ಬೆರಳು ಇಟ್ಟರು, ಬಿಸಿಯಿದೆಯೋ ಏನೋ ಅನ್ನುವಂತೆ. ಅಕ್ಷರದಿಂದ ಅಕ್ಷರಕ್ಕೆ ಬೆರಳು ಸರಿಯಿತು, ನಾಲ್ಕಕ್ಕೆ ಮುಗಿಯಿತು.

"ಇಷ್ಟಽ ಏನು?" ಅಂದರು. ಮತ್ತೊಮ್ಮೆ ಮೊದಲಿನಿಂದ ಬೆರಳಾಡಿಸಿದರು. "ಇಷ್ಟಽ ಇಷ್ಟಕ್ಕ ನಾ ಎಪ್ಪತ್ನಾಕ ವರ್ಷ ಹೆದರಿ ಕುಂತಿದ್ನಲ್ಲೋ ಸದಾಶಿವಾ! ಮನಿತುಂಬ ಪುಸ್ತಕ ಬಂದು ಕುಂತ್ರ ಅಕ್ಷರ ಬರದ ನಾ ಎಲ್ಲಿ ಕುಂದ್ರಲಿ ಅಂತ!"

ಇವರು ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಗೊಳೋ ಅಂತ ಅತ್ತರು. ನಾನೂ ಕಣ್ಣೊರೆಸಿಕೊಂಡೆ, ನಡುನಡುವೆ ನಕ್ಕೆ. ಅತ್ತೆ ಮಾತ್ರ ಆ ನೋಟುಬುಕ್ಕನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಮ್ಮನ್ನು ಗದರಿಸಿದರು. "ಅಳಕೋತ ಏನ್ ನಿಂತೀರಿ? ಆಟೋದಾಂವ ಕಾಯಾಕತ್ತಾನ. ಎಲ್ಲಾ ಕಟ್ರಿ, ಮಳಿ ಬರೂದ್ರಾಗ ಮನಿಗೆ ಒಯ್ಯೂಣು."